ಮನೆ ಬದಲಿಸುವುದು ಅಂದರೆ 43 ಬದಲಾವಣೆ

ಹೋದ ವರ್ಷ ನಾನು ಮತ್ತು ಅಮ್ಮ ಮನೆ ಬದಲಿಸಿದೆವು. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ 26 ವರ್ಷ ಇದ್ದ ಬಾಡಿಗೆ ಮನೆ ಅದು. ಮಾಲೀಕರು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರಂತೆ. ವಿಜಯನಗರ ಎರಡನೇ ಹಂತದಲ್ಲಿ ಬೇರೆ ಮನೆ ಸಿಕ್ಕಿತು. ನೋಡಿದವರೆಲ್ಲ "ಒಳ್ಳೆ ಗಾಳಿ ಬೆಳಕು, ಇನ್ನೇನು ಬೇಕು" ಅಂದರು. ನನಗೆ ಆಟಿಸಂ ಇದೆ. ಅಂದರೆ ಹುಟ್ಟಿನಿಂದಲೇ ಮಿದುಳು ಕೆಲಸ ಮಾಡುವ ರೀತಿ ಬೇರೆ. 33ನೇ ವಯಸ್ಸಿನಲ್ಲಿ ಗೊತ್ತಾಯಿತು, ಈಗ 38. ಗಾಳಿ ಬೆಳಕು ಒಳ್ಳೆಯದೇ. ಆದರೆ ಅದು ಬೇರೆ ಗಾಳಿ, ಬೇರೆ ಬೆಳಕು.

ಆ ಮನೆಯಿಂದ ಈ ಮನೆಗೆ ಹೇಗೆ ದಾಟಿದೆ ಅಂತ ಇಲ್ಲಿ ಬರೆದಿದ್ದೇನೆ. ಆಟಿಸಂ ಇರುವ ದೊಡ್ಡವರಿಗೆ ಮೊದಲು, ಅವರ ಮನೆಯವರಿಗೆ ಆಮೇಲೆ. ನನಗೆ ಒಗ್ಗಿದ್ದು ನಿಮಗೆ ಒಗ್ಗಬೇಕು ಅಂತೇನಿಲ್ಲ. ಬೇಕಾದ್ದು ಎತ್ತಿಕೊಳ್ಳಿ.

ಹಟಮಾರಿ ಅನ್ನುವ ಹೆಸರು

ಚಿಕ್ಕವಳಿದ್ದಾಗ ಲೋಟ ಬದಲಾದರೆ ನಾನು ಹಾಲು ಕುಡಿಯುತ್ತಿರಲಿಲ್ಲ. ಶಾಲೆಗೆ ಬೇರೆ ದಾರಿಯಲ್ಲಿ ಕರೆದುಕೊಂಡು ಹೋದರೆ ರಸ್ತೆಯಲ್ಲೇ ಕೂರುತ್ತಿದ್ದೆ. ಹಾಗಾಗಿ ನೆಂಟರ ಬಾಯಲ್ಲಿ ನಾನು ಹಟಮಾರಿ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೊ ಕ್ಯಾನರ್ ಅನ್ನುವ ಮಕ್ಕಳ ಮನೋವೈದ್ಯರು ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಎಲ್ಲವೂ ಇದ್ದ ಹಾಗೇ ಇರಬೇಕು ಅನ್ನುವ ಆತಂಕ ಆ ಮಕ್ಕಳಲ್ಲಿ ಎದ್ದು ಕಾಣುತ್ತದೆ ಅಂತ ಅದರಲ್ಲಿ ಬರೆದಿದ್ದಾರೆ. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 (2013) ಕೊಡುವ ಆಟಿಸಂ ಲಕ್ಷಣಗಳಲ್ಲೂ ಇದು ಇದೆ. ನನ್ನ ಲೋಟದ ವಿಷಯ ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಅಚ್ಚಾಗಿತ್ತು ಅನ್ನಿ.

ನಾನು ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತೇನೆ. "ಬೆಂಗಳೂರರು" ಅಂತ ತಪ್ಪಾಗಿ ಅಚ್ಚಾಗಿದ್ದರೂ ಹೆಚ್ಚಿನವರು "ಬೆಂಗಳೂರು" ಅಂತಲೇ ಓದಿಕೊಂಡು ಮುಂದೆ ಹೋಗುತ್ತಾರೆ. ಗೊತ್ತಿರುವ ಪದ ಅಲ್ವಾ, ಕಣ್ಣು ನೋಡುವ ಮೊದಲೇ ಮನಸ್ಸು ಓದಿ ಮುಗಿಸಿರುತ್ತದೆ. ನನ್ನ ಕಣ್ಣು ಆ ಎರಡನೇ ರಕಾರದ ಹತ್ತಿರ ನಿಂತುಬಿಡುತ್ತದೆ. ಕೆಲಸದಲ್ಲಿ ಇದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಬೈಯುತ್ತಾರೆ. ಮುಂದೇನು ಅಂತ ಮಿದುಳು ಸದಾ ಊಹೆ ಮಾಡುತ್ತಿರುತ್ತದೆ, ಆಟಿಸಂ ಇರುವವರಲ್ಲಿ ಆ ಊಹೆಗಿಂತ ಕಣ್ಣು ಕಿವಿ ತಂದ ಸುದ್ದಿಯ ಸದ್ದೇ ಜೋರು ಅಂತ ಕೆಲವು ಸಂಶೋಧಕರು ವಿವರಿಸುತ್ತಾರೆ. ನನ್ನ ಅನುಭವಕ್ಕೆ ಅದು ಹೊಂದುತ್ತದೆ. ಹಳೆ ಮನೆ ನನಗೆ ಕಂಠಪಾಠವಾಗಿದ್ದ ಪುಟ. ಹೊಸ ಮನೆಯಲ್ಲಿ ಪ್ರತಿ ಅಕ್ಷರ ಕೂಡಿಸಿ ಓದಬೇಕು, ಬೆಳಗಿಂದ ರಾತ್ರಿವರೆಗೆ.

(ಕನ್ನಡದಲ್ಲಿ ಇದಕ್ಕೆ "ಸ್ವಲೀನತೆ" ಅಂತಾರೆ. ತನ್ನಲ್ಲೇ ಲೀನ ಆಗಿರುವುದಂತೆ. ಟ್ಯೂಬ್‌ಲೈಟಿನ ಗುಂಯ್ ಸದ್ದು, ಪಕ್ಕದ ಮನೆಯ ಒಗ್ಗರಣೆ ವಾಸನೆ, ಕುತ್ತಿಗೆ ಹಿಂದಿನ ಬಟ್ಟೆ ಲೇಬಲ್, ಇಷ್ಟರಲ್ಲಿ ನನ್ನಲ್ಲಿ ಲೀನ ಆಗಲು ಪುರುಸೊತ್ತೆಲ್ಲಿ? ನಾನು ಆಟಿಸಂ ಅಂತಲೇ ಬರೆಯುತ್ತೇನೆ.)

ಇನ್ನೊಂದು ವಿಷಯ ಮೊದಲೇ ಹೇಳಬೇಕು. ದೊಡ್ಡ ಬದಲಾವಣೆ ಜಾಸ್ತಿ ಕಷ್ಟ, ಚಿಕ್ಕದು ಸುಲಭ ಅಂತ ಲೆಕ್ಕ ಹಾಕಬೇಡಿ. ಅಪ್ಪ ತೀರಿಕೊಂಡಾಗ ನಾನು ಅಳಲಿಲ್ಲ. ಯಾವ ದಿನ ಯಾವ ಕರ್ಮ, ಯಾರು ಎಲ್ಲಿ ಕೂರಬೇಕು, ಅವತ್ತು ಏನು ಅಡುಗೆ, ಎಲ್ಲವನ್ನೂ ಪುರೋಹಿತರು ಮೊದಲೇ ಹೇಳಿದ್ದರು. ನಾನು ಬರೆದಿಟ್ಟುಕೊಂಡು ಒಂದೊಂದಾಗಿ ನಡೆಸಿದೆ. "ಎಂಥಾ ಗಟ್ಟಿ ಮನಸ್ಸು" ಅಂದರು ಕೆಲವರು. ಅದು ಹೊಗಳಿಕೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ವೈಕುಂಠ ಸಮಾರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಅಮ್ಮ ಹಳೆ ಮಿಕ್ಸಿ ಕೊಟ್ಟು ಹೊಸದು ತಂದರು, ನನಗೆ ಹೇಳಿರಲಿಲ್ಲ. ಬೆಳಿಗ್ಗೆ ಚಟ್ನಿಗೆ ಅಂತ ಹಾಕಿದಾಗ ಬಂದ ಸದ್ದಿಗೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನಲವತ್ತು ನಿಮಿಷ ಆಚೆ ಬರಲಿಲ್ಲ. ಅಪ್ಪನಿಗಾಗಿ ಅತ್ತಿದ್ದು ಅವತ್ತು.

ಒಂದನ್ನು ಬಿಡಿಸಿ ನೋಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಇದು. "ಮನೆ ಬದಲಾವಣೆ" ಅಂತ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದೆ. ಆ ಸಾಲು ನೋಡಿದರೆ ಹೊಟ್ಟೆ ಹಿಂಡುತ್ತಿತ್ತು. ಏನು ಮಾಡಬೇಕು ಅಂತಲೂ ತೋಚುತ್ತಿರಲಿಲ್ಲ. ಆಮೇಲೆ ಅದರ ಕೆಳಗೆ, ಏಳುವುದರಿಂದ ಮಲಗುವವರೆಗೆ ನನ್ನ ದಿನದಲ್ಲಿ ಏನೇನು ಬದಲಾಗುತ್ತದೆ ಅಂತ ಒಂದೊಂದಾಗಿ ಬರೆಯುತ್ತಾ ಹೋದೆ. ಮೂರು ಸಂಜೆ ಬೇಕಾಯಿತು. 43 ಆದವು.

ಕೆಲವನ್ನು ಹೇಳುತ್ತೇನೆ. ಹಾಸಿಗೆಯಿಂದ ಎದ್ದರೆ ಬಾಗಿಲು ಎಡಕ್ಕಿತ್ತು, ಇನ್ನು ಬಲಕ್ಕೆ. ಕೆಂಪು ರೆಡ್ ಆಕ್ಸೈಡ್ ನೆಲ ಹೋಗಿ ಹೊಳೆಯುವ ಟೈಲ್ಸ್, ಅದರಲ್ಲಿ ಲೈಟಿನ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತದೆ. ತಿರುಗಿಸುವ ನಲ್ಲಿ ಬದಲು ಮೇಲೆತ್ತುವ ನಲ್ಲಿ. ಬಚ್ಚಲ ಸ್ವಿಚ್ ಒಳಗಲ್ಲ, ಹೊರಗೆ. ನೀರು ಬಿಡುವ ಹೊತ್ತು ಬೇರೆ, ಸಂಪಿನ ಮೋಟಾರ್ ಸದ್ದು ಬೇರೆ. ಹಾಲಿನವರು ಗೇಟಿಗೆ ಚೀಲ ಕಟ್ಟಿ ಅಂತಾರೆ, ಮೊದಲಿನವರು ಬೆಲ್ ಮಾಡುತ್ತಿದ್ದರು. ಕೆಲಸಕ್ಕೆ ನಡೆದು ಹೋಗುತ್ತಿದ್ದೆ, ಇನ್ನು ಸಿಟಿ ಬಸ್. ತಾರಸಿಯಿಂದ ಕಾಣುತ್ತಿದ್ದ ಚಾಮುಂಡಿ ಬೆಟ್ಟದ ದೀಪ ಇಲ್ಲ. 31ನೆಯದು ಬರೆಯುವಾಗ ನನಗೇ ನಗು ಬಂತು: ಎದುರು ಮನೆಯ ಕುಕ್ಕರ್ ಎಷ್ಟು ಸಲ ಕೂಗುತ್ತದೆ ಗೊತ್ತಿಲ್ಲ.

ಪಟ್ಟಿ ಆದ ಮೇಲೆ ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ. ಮೊದಲನೆಯದು, ಇದನ್ನು ತಡೆಯಬಹುದೇ? ಟೈಲ್ಸ್ ಮೇಲೆ ಹಳೆ ಜಮಖಾನ ಹಾಸಿದರೆ ಕಾಲಿಗೂ ಕಣ್ಣಿಗೂ ಸಮಾಧಾನ. ಪರದೆ ಹೊಸದು ಬೇಡ, ಹಳೆಯದನ್ನೇ, ಒಗೆಯದೆ ಹಾಗೇ ತಂದು ಕಟ್ಟಿದೆವು. ಅಮ್ಮನಿಗೆ ಅದೊಂದು ಸುತರಾಂ ಇಷ್ಟವಿರಲಿಲ್ಲ. ಆದರೆ ಹಳೆ ಮನೆಯ ವಾಸನೆ ಎರಡು ವಾರ ಅದರಲ್ಲೇ ಇತ್ತು. ಎರಡನೆಯದು, ಇದನ್ನು ಮುಂಚೆಯೇ ಅಭ್ಯಾಸ ಮಾಡಬಹುದೇ? ಬಸ್ಸು, ಸ್ವಿಚ್ಚು, ನಲ್ಲಿ. ಮೂರನೆಯದು, ಏನೂ ಮಾಡಲಾಗದ್ದು. ಬೆಟ್ಟ ಕಾಣದಿರುವುದು ಆ ಜಾತಿ. ನನ್ನ ಪಟ್ಟಿಯಲ್ಲಿ ಮೂರನೇ ಗುರುತು ಬಿದ್ದದ್ದು ಒಂಬತ್ತಕ್ಕೆ ಮಾತ್ರ. 43ಕ್ಕೆ ಹೆದರಿದ್ದವಳು ಒಂಬತ್ತಕ್ಕೆ ಹೆದರಿದರೆ ಸಾಕಾಯಿತು.

ಇನ್ನೊಂದು ಪಟ್ಟಿಯೂ ಬೇಕು, ಬದಲಾಗದೆ ಉಳಿಯುವುದರದ್ದು. 6.40ಕ್ಕೆ ಕಾಫಿ. ಅದೇ ಫಿಲ್ಟರ್, ಅದೇ ಅಂಗಡಿಯ ಪುಡಿ. ಶನಿವಾರ ಅವಲಕ್ಕಿ. ನನ್ನ ಮೇಜು, ಅದು ಗೋಡೆಗೆ ಮುಖ ಮಾಡಿರುವುದು. ಅಮ್ಮ. ಮನೆಯವರು ಉತ್ಸಾಹದಲ್ಲಿ "ಹೊಸ ಮನೆ, ಎಲ್ಲಾ ಹೊಸದು ಮಾಡೋಣ" ಅಂತ ಹೊರಡುತ್ತಾರೆ. ದಯವಿಟ್ಟು ಬೇಡ. ಸೋಫಾ, ಮಂಚ, ಪಾತ್ರೆ ಎಲ್ಲಾ ಆರು ತಿಂಗಳು ಕಾಯಲಿ.

ಮೊದಲೇ ಹೋಗಿ ಬನ್ನಿ

ನಮ್ಮ ಪುಣ್ಯಕ್ಕೆ ಬಾಡಿಗೆ ಮುಂಗಡ ಕೊಟ್ಟಿದ್ದು ಜೇಷ್ಠದ ಕೊನೆಯಲ್ಲಿ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ ಅಲ್ವಾ. ಶ್ರಾವಣ ಬರಲಿ ಅಂತ ಅಮ್ಮ ಅಂದಾಗ ನನಗೆ ಪೂರ್ತಿ ಒಂದು ತಿಂಗಳು ಸಿಕ್ಕಿತು. ಶಾಸ್ತ್ರದಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಆಷಾಢದಲ್ಲಿ ಮಾತ್ರ ಇದೆ.

ಆ ತಿಂಗಳಲ್ಲಿ ಖಾಲಿ ಮನೆಗೆ ಆರು ಸಲ ಹೋದೆ. ಮೊದಲ ಸಲ ಹತ್ತೇ ನಿಮಿಷ, ಸುಮ್ನೆ ನಡುಮನೆಯಲ್ಲಿ ನಿಂತೆ. ಎರಡನೇ ಸಲ ಫೋನಿನಲ್ಲಿ ಒಂದೊಂದು ಕೋಣೆಯ ವಿಡಿಯೊ ಮಾಡಿಕೊಂಡೆ, ರಾತ್ರಿ ನೋಡಲು. ಮೂರನೇ ಸಲ ಸ್ವಿಚ್‌ಗಳಿಗೆಲ್ಲ ಚೀಟಿ ಅಂಟಿಸಿದೆ: ಫ್ಯಾನು, ದೊಡ್ಡ ಲೈಟು, ಇದು ಯಾವುದೂ ಅಲ್ಲ. ಒಂದು ಸಲ ಬೆಳಿಗ್ಗೆ ಆರಕ್ಕೆ, ಒಂದು ಸಲ ಸಂಜೆ ಏಳಕ್ಕೆ ಹೋಗಿ, ಎರಡೂ ಹೊತ್ತಿನ ಸದ್ದು ಕೇಳಿ ಬರೆದುಕೊಂಡೆ. ಕುಕ್ಕರ್ ನಾಲ್ಕು ಕೂಗು. ಕೊನೆಯ ಸಲ ಚಾಪೆ ಹಾಸಿ ಅರ್ಧ ಗಂಟೆ ಮಲಗಿದೆ. ಬಸ್ಸಿನದ್ದೂ ಹೀಗೇ: ಕೆಲಸ ಇಲ್ಲದ ಭಾನುವಾರ ಎರಡು ಸಲ ಹೋಗಿ ಬಂದೆ, ಇಳಿಯುವ ಜಾಗದ ಹಿಂದಿನ ನಿಲ್ದಾಣದ ಗುರುತು ಇಟ್ಟುಕೊಂಡೆ.

ಮಕ್ಕಳಿಗೂ ಇದೇ ದಾರಿ. ಜೂನ್‌ನಲ್ಲಿ ಹೊಸ ತರಗತಿ ಅಂದರೆ ಮೇನಲ್ಲಿ ಖಾಲಿ ಕೋಣೆ ತೋರಿಸಿ, ಟೀಚರ್ ಫೋಟೊ ಕೇಳಿ ತನ್ನಿ, ಹೊಸ ಯೂನಿಫಾರ್ಮ್ ನಾಲ್ಕು ಸಲ ಒಗೆದು ಮೆತ್ತಗೆ ಮಾಡಿ. "ಮೊದಲು ಇದು, ಆಮೇಲೆ ಅದು" ಅಂತ ಎರಡು ಚಿತ್ರದ ಹಲಗೆ ಎಷ್ಟೋ ಮಕ್ಕಳಿಗೆ ಮಾತಿಗಿಂತ ಬೇಗ ಹತ್ತುತ್ತದೆ. ಅಮೆರಿಕದ ಟೀಚರ್ ಕ್ಯಾರಲ್ ಗ್ರೇ 1990ರ ದಶಕದ ಶುರುವಿನಿಂದ ಹೇಳಿಕೊಟ್ಟ "ಸೋಷಿಯಲ್ ಸ್ಟೋರಿ" ಅನ್ನುವ ಪದ್ಧತಿಯೂ ಇದೆ: ಮುಂದೆ ಏನಾಗುತ್ತದೆ, ಯಾರಿರುತ್ತಾರೆ, ಏನು ಮಾಡಬಹುದು ಅಂತ ಮಗುವಿಗಾಗಿಯೇ ಬರೆದ ಪುಟ್ಟ ಕಥೆ. ಕನ್ನಡದಲ್ಲಿ ನೀವೇ ಬರೆಯಬಹುದು, ಐದಾರು ಸಾಲು ಸಾಕು.

ಹೇಳುವ ರೀತಿ (ಇದು ಮನೆಯವರಿಗೆ)

ನಮ್ಮವರ ಮಾತಿನಲ್ಲಿ "ನೋಡೋಣ" ಅಂದರೆ ಇಲ್ಲ ಅಂತ ಅರ್ಥ. ನನಗೆ ಇದು ಗೊತ್ತಾಗಿದ್ದು 20 ದಾಟಿದ ಮೇಲೆ. ಅಲ್ಲಿವರೆಗೆ ಯಾರು "ನಾಳೆ ನೋಡೋಣ" ಅಂದರೂ ಮಾರನೇ ದಿನ ಹೋಗಿ ನಿಲ್ಲುತ್ತಿದ್ದೆ. "ಈಗ ಬಂದೆ", "ಐದೇ ನಿಮಿಷ", "ಇಲ್ಲೇ ಹತ್ತಿರ", ಇವು ಯಾವುದೂ ನನಗೆ ಸಮಯವನ್ನಾಗಲಿ ದೂರವನ್ನಾಗಲಿ ಹೇಳುವುದಿಲ್ಲ.

ನನಗೆ ಬೇಕಾದ್ದು ಹೀಗೆ: ಏನು ಬದಲಾಗುತ್ತದೆ, ಯಾವತ್ತು, ಎಷ್ಟು ಹೊತ್ತು, ಯಾವುದು ಹಾಗೇ ಇರುತ್ತದೆ. ಅಮ್ಮ ಈಗ ಚೆನ್ನಾಗಿ ಕಲಿತಿದ್ದಾರೆ. "ನಾಳೆ ಗುರುವಾರ ನಿನ್ನ ಅತ್ತೆ ಬರ್ತಾರೆ. ಹತ್ತೂವರೆಗೆ. ಊಟ ಮಾಡಿ ಮೂರಕ್ಕೆ ಹೊರಡ್ತಾರೆ. ನಿನ್ನ ರೂಮಿಗೆ ಯಾರೂ ಬರಲ್ಲ ಕಣೆ." ಇಷ್ಟು ಹೇಳಿದರೆ ನಾನು ಅತ್ತೆಯ ಜೊತೆ ನಗುತ್ತಾ ಮಾತಾಡಬಲ್ಲೆ. ಹೇಳಿದ್ದು ತಪ್ಪಿದರೆ, "ತಪ್ಪಿತು, ಇನ್ನು ಹೀಗೆ" ಅಂತ ಮತ್ತೆ ಹೇಳಿ. ಅತ್ತೆ ನಾಲ್ಕೂವರೆವರೆಗೂ ಕೂತಿದ್ದರು ಅನ್ನುವುದು ಬೇರೆ ಮಾತು.

ಅಡುಗೆಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಅದರಲ್ಲಿ ನೀಲಿ ಪೆನ್ನು ನನ್ನದು, ಕೆಂಪು ಅಮ್ಮನದು. ಮನೆಗೆ ಬರುವವರು, ಗ್ಯಾಸ್, ಪೇಂಟರ್, ಯಾವುದೇ ಇರಲಿ, ಕ್ಯಾಲೆಂಡರಿನಲ್ಲಿ ಇಲ್ಲದಿದ್ದರೆ ಅದು ಇಲ್ಲ ಅಂತಲೇ ಒಪ್ಪಂದ. ಮೈಸೂರಿನಲ್ಲಿ ದಸರಾ ಅಂದರೆ ರಸ್ತೆ ಬಂದ್, ಬಸ್ ಮಾರ್ಗ ಬದಲು, ಜನವೋ ಜನ. ಆದರೂ ನನಗೆ ದಸರಾ ಕಷ್ಟವಿಲ್ಲ. ಯಾವತ್ತು ಅಂತ ಪಂಚಾಂಗದಲ್ಲಿದೆ, ಯಾವ ರಸ್ತೆ ಅಂತ ಪೇಪರಿನಲ್ಲಿ ಬರುತ್ತದೆ. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಎಷ್ಟು ಮುಂಚೆ ಹೇಳಬೇಕು? ಇದು ಒಬ್ಬೊಬ್ಬರಿಗೆ ಒಂದೊಂದು. ನನಗೆ ದೊಡ್ಡದಾದರೆ ಮೂರು ವಾರ, ಚಿಕ್ಕದಾದರೆ ಹಿಂದಿನ ಸಂಜೆ. ನನಗೆ ಪರಿಚಯದ ಒಬ್ಬ ಹುಡುಗನಿಗೆ ಮೂರು ವಾರ ಮೊದಲು ಹೇಳಿದರೆ ಮೂರು ವಾರವೂ ನಿದ್ದೆ ಇಲ್ಲ, ಅವನಿಗೆ ಹಿಂದಿನ ದಿನ ಸಾಕು. ಕೇಳಿ ತಿಳಿದುಕೊಳ್ಳಿ. ಮಾತು ಬಾರದ ಮಗುವಾದರೆ ಎರಡೂ ರೀತಿ ಮಾಡಿ ನೋಡಿ, ಯಾವುದರಲ್ಲಿ ನಿದ್ದೆ ಕೆಡಲಿಲ್ಲ ಅಂತ ಗಮನಿಸಿ.

ಕೆಲಸದ ಜಾಗದಲ್ಲೂ ಕೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ನನ್ನದು ಚಿಕ್ಕ ಜಾಗ, ಕಾಯ್ದೆ ತನಕ ಹೋಗಲಿಲ್ಲ. "ಕೂರುವ ಜಾಗ, ಕೆಲಸದ ಹೊತ್ತು ಬದಲಾಗುವುದಾದರೆ ಎರಡು ದಿನ ಮೊದಲು ಮೆಸೇಜ್ ಹಾಕಿ" ಅಂತ ಮಾಲೀಕರಿಗೆ ಬರೆದುಕೊಟ್ಟೆ. "ಅಷ್ಟೇನಾ?" ಅಂದರು. ಅಷ್ಟೇ.

ಸಾಗಿಸುವ ದಿನ

ಹಾಲು ಉಕ್ಕಿಸುವ ಶಾಸ್ತ್ರ ಮೂರು ದಿನ ಮೊದಲೇ ಮುಗಿಸಿದೆವು, ಎಂಟೇ ಜನ. ಸಾಮಾನು ಸಾಗಿಸುವ ದಿನ ನಾನು ಎರಡೂ ಮನೆಯಲ್ಲಿ ಇರಲಿಲ್ಲ, ಕೆಲಸಕ್ಕೆ ಹೋದೆ. ತಮ್ಮ ಬೆಂಗಳೂರಿಂದ ಬಂದು ಟೆಂಪೊ ನೋಡಿಕೊಂಡ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಗೋಡೆಗಳು ಬೋಳಾಗುವುದನ್ನು ನೋಡುತ್ತಾ ನಿಂತರೆ ಯಾರಿಗೇನು ಲಾಭ?

ಒಂದು ರಟ್ಟಿನ ಪೆಟ್ಟಿಗೆ ಮೇಲೆ ಕೆಂಪಿನಲ್ಲಿ "ಮೊದಲು" ಅಂತ ಬರೆದಿದ್ದೆ. ಕೊನೆಗೆ ತುಂಬಿದ್ದು, ಮೊದಲು ಬಿಚ್ಚಬೇಕಾದ್ದು. ನನ್ನ ಹಾಸಿಗೆ ಬಟ್ಟೆ, ಕಂಬಳಿ, ಟೇಬಲ್ ಲ್ಯಾಂಪ್, ಲೋಟ, ಫಿಲ್ಟರ್, ಪುಡಿ, ಇಯರ್‌ಪ್ಲಗ್, ಬಚ್ಚಲ ಚೊಂಬು. ಸಂಜೆ ಬಂದಾಗ ಇಡೀ ಮನೆ ಗುಡ್ಡೆ ಹಾಕಿತ್ತು. ನನ್ನ ಕೋಣೆ ಮಾತ್ರ ಹಳೆ ಕೋಣೆಯ ಹಾಗೇ ಇತ್ತು. ತಮ್ಮ ಫೋಟೊ ನೋಡಿಕೊಂಡು ಜೋಡಿಸಿದ್ದ. ಗಡಿಯಾರ ಮಾತ್ರ ತಪ್ಪು ಗೋಡೆಗೆ ಹಾಕಿದ್ದ.

ಹೇಳದೆ ಬಂದರೆ

2016ರ ನವೆಂಬರ್ 8, 2020ರ ಮಾರ್ಚ್ 24. ಎರಡೂ ರಾತ್ರಿ 8 ಗಂಟೆ, ಎರಡಕ್ಕೂ ನಡುರಾತ್ರಿವರೆಗೆ ನಾಲ್ಕೇ ಗಂಟೆ ಸಮಯ. ನೋಟು ರದ್ದು, ಆಮೇಲೆ ಲಾಕ್‌ಡೌನ್. ಆ ರಾತ್ರಿ ಊರಿಗೆ ಊರೇ ಕಂಗಾಲಾಗಿದ್ದನ್ನು ನೆನಪು ಮಾಡಿಕೊಳ್ಳಿ. ಬಸ್ಸು ಬರದ ಒಂದು ಮಂಗಳವಾರ ನನಗೆ ಹೆಚ್ಚುಕಡಿಮೆ ಹಾಗೆ. ಲಾಕ್‌ಡೌನ್ ಮೂರನೇ ವಾರಕ್ಕೆ ನನಗೆ ಒಗ್ಗಿತ್ತು, ದಿನಾ ಒಂದೇ ತರಹ. ಮತ್ತೆ ಬಾಗಿಲು ತೆಗೆದಾಗಲೇ ಕಷ್ಟ ಆಗಿದ್ದು.

ದಿಢೀರ್ ಬದಲಾವಣೆಗೆ ತಯಾರಿ ಮಾಡಲಾಗದು ಅಂತಾರೆ. ಅರ್ಧ ಮಾಡಬಹುದು. ಪರ್ಸಿನಲ್ಲಿ ಒಂದು ಕಾರ್ಡ್ ಇದೆ. ಒಂದು ಕಡೆ ಹೀಗೆ ಬರೆದಿದ್ದೇನೆ: "ಬಸ್ ಬರದಿದ್ದರೆ 15 ನಿಮಿಷ ಕಾಯಿ. ಆಮೇಲೆ ಆಟೊ. ಆಟೊ ಸಿಗದಿದ್ದರೆ ಮೆಸೇಜ್ ಮಾಡಿ ಮನೆಗೆ ಹೋಗು." ತಲೆ ಕೆಟ್ಟಾಗ ಯೋಚನೆ ಮಾಡಲು ಆಗುವುದಿಲ್ಲ, ಓದಲು ಆಗುತ್ತದೆ. ಇನ್ನೊಂದು ಕಡೆ ಬೇರೆಯವರಿಗೆ: "ನನಗೆ ಆಟಿಸಂ ಇದೆ. ಈಗ ಮಾತು ಬರುತ್ತಿಲ್ಲ, ಕೇಳಿಸುತ್ತಿದೆ. ಮುಟ್ಟಬೇಡಿ. 30 ನಿಮಿಷ ಬಿಟ್ಟರೆ ಸರಿಹೋಗುತ್ತೇನೆ." ಕೆಳಗೆ ತಮ್ಮನ ನಂಬರು.

ಅಷ್ಟಾದರೂ ಕೆಲವೊಮ್ಮೆ ತುಂಬಿ ಚೆಲ್ಲುತ್ತದೆ. ಕೆಲವರು ಕಿರುಚುತ್ತಾರೆ, ಕೆಲವರು ಕಲ್ಲಾಗುತ್ತಾರೆ. ನನಗೆ ಎರಡೂ ಆಗಿದೆ. ಹತ್ತಿರ ಇರುವವರು ಮಾಡಬೇಕಾದ್ದು ಕಡಿಮೆ: ಲೈಟ್ ಆರಿಸಿ, ಟಿವಿ ನಿಲ್ಲಿಸಿ, ನೀರು ತಂದಿಡಿ, ಪ್ರಶ್ನೆ ಕೇಳಬೇಡಿ. "ಏನಾಯ್ತು, ಹೇಳು, ಏನಾಯ್ತು" ಅನ್ನುವುದು ಉರಿಯುವ ಒಲೆಗೆ ಸೌದೆ. ತೂಗಾಡುತ್ತಿದ್ದರೆ ತೂಗಾಡಲಿ, ಕೈ ಹಿಡಿದು ನಿಲ್ಲಿಸಬೇಡಿ. ನಾನು ಮೇಜಿನ ಕೆಳಗೆ ಹೋಗಿ ಕಂಬಳಿ ಎರಡು ಮಡಿಕೆ ಮಾಡಿ ಹೊದೆಯುತ್ತೇನೆ. ಅದರ ಭಾರಕ್ಕೆ ಉಸಿರು ನಿಧಾನ ಆಗುತ್ತದೆ. ಹೊಸ ಮನೆಗೆ ಬಂದ ನಾಲ್ಕನೇ ದಿನ, ಮೇಲಿನ ಮನೆಯವರು ಡ್ರಿಲ್ಲಿಂಗ್ ಶುರು ಮಾಡಿದಾಗ, ಒಂದೂವರೆ ಗಂಟೆ ಅಲ್ಲೇ ಇದ್ದೆ. ಅಮ್ಮ ಬಗ್ಗಿ ಒಂದು ಚೊಂಬು ನೀರು ಇಟ್ಟು, ಒಂದು ಮಾತೂ ಆಡದೆ ಮೇಲೆ ಹೋದರು. ಡ್ರಿಲ್ ನಿಂತಿತು. ಏನು ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಆಮೇಲಿನ ದಿನಗಳಿಗೂ ಜಾಗ ಇಟ್ಟುಕೊಳ್ಳಿ. ಬಂದ ಮೇಲೆ ಎರಡು ತಿಂಗಳು ಬೇರೆ ಯಾವ ಬದಲಾವಣೆಗೂ ಒಪ್ಪಲಿಲ್ಲ. ಕಟಿಂಗ್ ಕೂಡ ಮುಂದೆ ಹಾಕಿದೆ. ಮನೆ ನೋಡಲು ಬರುತ್ತೇವೆ ಅಂದ ನೆಂಟರಿಗೆ ದಸರಾ ಆದ ಮೇಲೆ ಬನ್ನಿ ಅಂದೆವು. ಒಬ್ಬ ಚಿಕ್ಕಮ್ಮ ನನ್ನ ಲೋಟ ಅಡಗಿಸಿಟ್ಟು "ಅಭ್ಯಾಸ ಆಗ್ಲಿ ಬಿಡು" ಅಂದಿದ್ದರು, ಚಿಕ್ಕಂದಿನಲ್ಲಿ. ಅದರಿಂದ ಲೋಟದ ಅಭ್ಯಾಸ ಆಗಲಿಲ್ಲ, ಚಿಕ್ಕಮ್ಮ ಬಂದರೆ ಲೋಟ ಎತ್ತಿಡುವ ಅಭ್ಯಾಸ ಆಯಿತು. ನಾನಾಗಿ ಆರಿಸಿದ ಬದಲಾವಣೆಯೇ ಬೇರೆ. ಚೆನ್ನಾಗಿ ನಿದ್ದೆ ಆದ ಭಾನುವಾರ ಬೇರೆ ರಸ್ತೆಯಲ್ಲಿ ವಾಕಿಂಗ್ ಹೋಗುತ್ತೇನೆ. ಇಷ್ಟ ಆಗದಿದ್ದರೆ ವಾಪಸ್ ಬರುತ್ತೇನೆ.

ಈಗ ನೋಟ್‌ಬುಕ್ಕಿನಲ್ಲಿ ಹೊಸ ಪಟ್ಟಿ ಶುರುವಾಗಿದೆ. ಕಾರ್ತಿಕದಲ್ಲಿ ತಮ್ಮನ ಮದುವೆ. 61 ಆಗಿದೆ, ಇನ್ನೂ ಮುಗಿದಿಲ್ಲ. 17ನೆಯದು ಓಲಗ. "ಓಲಗ ಇಲ್ದೆ ಮದುವೆನಾ ಅಕ್ಕ" ಅಂದ. ಓಲಗ ಇರಲಿ, ಮೂಲೆಯ ಕುರ್ಚಿ ನನಗಿರಲಿ, ಇಯರ್‌ಪ್ಲಗ್ ಹಾಕಿಕೊಳ್ಳುತ್ತೇನೆ ಅಂತ ತೀರ್ಮಾನ ಆಯಿತು. ಉಳಿದಿದ್ದು ಗಟ್ಟಿಮೇಳ, ಅದು ಯಾವ ಗಳಿಗೆಯಲ್ಲಿ ಸಿಡಿಯುತ್ತದೆ ಅಂತ ಹೇಳಲಾಗದು. ಪುರೋಹಿತರಿಗೆ ಫೋನ್ ಮಾಡಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಅಂತ ಕೇಳಿದೆ. "ಅದನ್ನ ಹೇಗಮ್ಮಾ ಹೇಳಲಿ" ಅಂತ ನಕ್ಕರು. ಸ್ವಲ್ಪ ಯೋಚಿಸಿ, ತಾಳಿ ಕೈಗೆ ತಗೊಂಡ ತಕ್ಷಣ ಒಂದು ಸಲ ನಿಮ್ಮ ಕಡೆ ನೋಡ್ತೀನಿ ಅಂದರು. ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ ನೀಲಿ ಪೆನ್ನಲ್ಲಿ ಅದನ್ನೂ ಬರೆದಿದ್ದೇನೆ: "ಪುರೋಹಿತರು ನೋಡುತ್ತಾರೆ."